ಭಾಳ ಥಂಡಿ ಇತ್ತಪಾ

ಬ್ಯಾಡಗಿಯಲ್ಲಿ ಥಂಡಿ ಬಂತೆಂದರೆ ಮೆಣಸಿನಕಾಯಿ ಸುಗ್ಗಿ ಬಂದ ಹಾಗೆ. ಸೋಮವಾರ, ಗುರುವಾರ ಎಪಿಎಂಸಿ ಅಂಗಳದ ತುಂಬ ಚೀಲವೋ ಚೀಲ. ಡಬ್ಬಿ, ಕಡ್ಡಿ ರಾಶಿಗಳ ನಡುವೆ ಹಮಾಲರು ಮೂಗಿಗೆ ವಸ್ತ್ರ ಕಟ್ಟಿಕೊಂಡು ಓಡಾಡುತ್ತಿರುತ್ತಾರೆ. ನಸುಕಿನ ಚಳಿಗೆ ಒಂದು ಕೌದಿ, ಎದ್ದ ಮೇಲೆ ಒಂದು ಕಪ್ ಚಹಾ ಸಾಕು. ಹತ್ತು ಗಂಟೆಗೆಲ್ಲ ಬಿಸಿಲು ಚುರುಗುಟ್ಟುತ್ತದೆ. ಇಂಥ ಸೀಮೆಯಿಂದ ಎದ್ದುಹೋಗಿ ಹಿಮದಲ್ಲಿ ನಿಂತವರು ಹಾವೇರಿ, ರಾಣೇಬೆನ್ನೂರು ಕಡೆ ಎಷ್ಟೋ ಮಂದಿ ಇದ್ದಾರೆ.

ನಮ್ಮ ಓಣಿಯಲ್ಲಿ ಒಬ್ಬರು ಮಿಲ್ಟ್ರಿ ಕಾಕಾ ಇದ್ದರು. ಅರವತ್ತೆರಡರ ಯುದ್ಧ ಕಂಡವರು. ಹುಡುಗರೆಲ್ಲ ಕಟ್ಟೆಯ ಮೇಲೆ ಸುತ್ತ ಕೂತು, "ಕಾಕಾ, ಯುದ್ಧದಾಗ ಏನೇನಾತ್ರೀ?" ಅಂತ ಕೇಳಿದರೆ, "ಭಾಳ ಥಂಡಿ ಇತ್ತಪಾ" ಅನ್ನುತ್ತಿದ್ದರು. ಅಷ್ಟೇ. ಆಮೇಲೆ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದರೆ ಮಾತು ಮುಗಿಯಿತೆಂದೇ ಲೆಕ್ಕ.

ಆ ಥಂಡಿ ಎಂಥದ್ದೆಂದು ನನಗೆ ತಿಳಿದದ್ದು ಬ್ರಿಗೇಡಿಯರ್ ಜಾನ್ ದಳವಿಯವರ ಪುಸ್ತಕದಿಂದ. 1969ರಲ್ಲಿ ಇಂಗ್ಲಿಷಿನಲ್ಲಿ ಬಂದ 'ಹಿಮಾಲಯನ್ ಬ್ಲಂಡರ್' ಅನ್ನು ರವಿ ಬೆಳಗೆರೆ ಕನ್ನಡಕ್ಕೆ ತಂದು ನಮ್ಮಂಥವರಿಗೆ ದೊಡ್ಡ ಉಪಕಾರ ಮಾಡಿದರು. ದಳವಿ 7ನೇ ಬ್ರಿಗೇಡಿನ ಮುಖ್ಯಸ್ಥರು. ನಮ್‌ಕಾ ಚು ಎಂಬ ಹೊಳೆಯ ದಂಡೆಯಲ್ಲಿ ಅವರ ಜವಾನರು ಬೇಸಿಗೆಯ ಹತ್ತಿ ಬಟ್ಟೆ ತೊಟ್ಟು, ಎಣಿಸಿಕೊಟ್ಟ ಗುಂಡು ಹಿಡಿದು ನಿಂತಿದ್ದರು. ಹತ್ತಿ ಬೆಳೆಯುವ ಸೀಮೆಯವರು ನಾವು. ಹತ್ತಿ ಬಟ್ಟೆ ಮೇ ತಿಂಗಳ ರಾಣೇಬೆನ್ನೂರಿಗೆ ಸರಿ. 10,000 ಅಡಿಗೂ ಮೇಲಿನ ಗುಡ್ಡದ ಇಬ್ಬನಿಗೇ ಅದು ತಡೆಯದು, ಇನ್ನು ಹಿಮದ ಮಾತೆಲ್ಲಿ? 1962ರ ಅಕ್ಟೋಬರ್ 20ರ ನಸುಕಿನಲ್ಲಿ ಚೀನೀ ಸೈನ್ಯ ಮೇಲೆ ಬಿತ್ತು. ಬ್ರಿಗೇಡ್ ಚೆಲ್ಲಾಪಿಲ್ಲಿಯಾಯಿತು. ದಳವಿ ಕೆಲವರ ಜೊತೆ ಅನ್ನ ಕಾಣದೆ ಗುಡ್ಡ ಹತ್ತಿಳಿದು 22ರಂದು ಸೆರೆಸಿಕ್ಕರು; ಮನೆ ಸೇರಿದ್ದು ಮರುವರ್ಷದ ಮೇ ತಿಂಗಳಲ್ಲಿ. ಮೊದಲು ತವಾಂಗ್, ನವೆಂಬರಿನಲ್ಲಿ ಸೇ ಲಾ, ಬೊಮ್ಡಿಲಾ ಒಂದರ ಹಿಂದೊಂದು ಕೈತಪ್ಪಿದವು. ದಂಡಿನಿಂದ ಬೇರ್ಪಟ್ಟ ಎಷ್ಟೋ ಜವಾನರು ಭೂತಾನದ ಹಾದಿ ಹಿಡಿದು ಬಯಲಿಗೆ ಇಳಿದರು.

ಪುಸ್ತಕದ ತುಂಬ ಸಿಟ್ಟಿದೆ, ಇರಲೇಬೇಕಾದ ಸಿಟ್ಟು. ಆದರೂ ಅದು ಬ್ರಿಗೇಡಿಯರ್ ಒಬ್ಬರ ಸಿಟ್ಟು. ನಕಾಶೆ ನೋಡಿದವರದು, ದೆಹಲಿಯ ಹುಕುಂ ಓದಿದವರದು. ಆ ಹತ್ತಿ ಬಟ್ಟೆಯೊಳಗಿದ್ದ ಜವಾನನೇ ಬರೆದಿದ್ದರೆ ಹೇಗಿರುತ್ತಿತ್ತು?

ಹಾಗೆ ಬರೆದವರೊಬ್ಬರು ಇಟಲಿಯಲ್ಲಿದ್ದರು, ಮಾರಿಯೋ ರಿಗೋನಿ ಸ್ಟರ್ನ್. ಪರ್ವತ ಪಡೆಯ ಸಾರ್ಜೆಂಟ್. 1943ರ ಜನವರಿಯಲ್ಲಿ ಡಾನ್ ನದಿಯ ದಂಡೆಯಿಂದ ಹಿಮ ತುಳಿದುಕೊಂಡು ಹಿಂದೆ ಸರಿದವರು. 1953ರಲ್ಲಿ ಅದನ್ನು ಪುಸ್ತಕ ಮಾಡಿದರು. ಹಿಟ್ಲರನ ಪಕ್ಕ ಸೇರಿ ಪರರ ನೆಲಕ್ಕೆ ನುಗ್ಗಿದ ಸೈನ್ಯವದು, ಅದನ್ನು ಮರೆಯಬೇಕಿಲ್ಲ. ಆದರೆ ಆ ಪುಸ್ತಕದ ಒಂದು ಪ್ರಸಂಗ ನನ್ನನ್ನು ಬಿಟ್ಟಿಲ್ಲ. ಹೊರಗೆ ಗುಂಡು ಹಾರುತ್ತಿವೆ. ಹಸಿವು ತಾಳದೆ ರಿಗೋನಿ ಒಂದು ಮನೆಯ ಬಾಗಿಲು ನೂಕುತ್ತಾರೆ. ಒಳಗೆ ರಷ್ಯದ ಸೈನಿಕರು ಮೇಜಿನ ಸುತ್ತ ಉಣ್ಣುತ್ತಿದ್ದಾರೆ, ಚಮಚ ಹಿಡಿದ ಕೈಗಳು ಹಾಗೇ ನಿಲ್ಲುತ್ತವೆ. ಇವರು ತಿನ್ನಲು ಕೇಳುತ್ತಾರೆ. ಮನೆಯಾಕೆ ಹಾಲಲ್ಲಿ ಬೆಂದ ಬರಗನ್ನು ತಟ್ಟೆಗೆ ಬಡಿಸುತ್ತಾಳೆ. ಬಂದೂಕನ್ನು ಹೆಗಲಿಗೇರಿಸಿ ಇವರು ಉಣ್ಣುತ್ತಾರೆ, ಅವರು ನೋಡುತ್ತಾರೆ. ಯಾರೂ ಮಾತಾಡುವುದಿಲ್ಲ. ಉಂಡು, ಉಪಕಾರ ಹೇಳಿ, ಇವರು ಹೊರಗೆ ಬರುತ್ತಾರೆ. ನಮ್ಮ ಅಜ್ಜಿಯರು ಅನ್ನ ಮಾಡುತ್ತಿದ್ದ ಅದೇ ಬರಗು!

ಇಂಥದ್ದೊಂದು ತಟ್ಟೆಯ ನೆನಪು ಕಾಕಾನ ಹೊಟ್ಟೆಯೊಳಗೂ ಇದ್ದಿರಬೇಕು. ಗೆದ್ದು ಬಂದವರಿಗೆ ಮೆರವಣಿಗೆ, ಹಾರ, ಅದರಲ್ಲೂ ನಮ್ಮ ಹಾವೇರಿಯ ಏಲಕ್ಕಿ ಹಾರ. ಹಿಂದೆ ಸರಿದು ಬಂದವರನ್ನು ಯಾರು ಕೂರಿಸಿ ಕೇಳಿದರು? ಸರಿಯಾದ ಬೂಟು, ಬೆಚ್ಚನೆಯ ಬಟ್ಟೆ ಕೊಡದೆ ಕಳಿಸಿದವರಿಗೆ ಇರಬೇಕಾದ ನಾಚಿಕೆಯನ್ನು ಈ ಮನುಷ್ಯ ಹೊತ್ತು ಸುಮ್ಮನೆ ಕೂತರಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಹೇಳಲು ಉಳಿಯದೇ ಹೋದವರೂ ಇದ್ದಾರೆ. 2016ರ ಫೆಬ್ರುವರಿಯಲ್ಲಿ, ನಮ್ಮ ನೆರೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಸಿಯಾಚಿನ್ ಹಿಮದಡಿ ಆರು ದಿನ ಇದ್ದು ಜೀವಂತವಾಗಿ ಸಿಕ್ಕಾಗ ಊರೂರಲ್ಲಿ ದೇವರಿಗೆ ಹರಕೆ ಹೊತ್ತರು. 11ರಂದು ಅವರು ತೀರಿಕೊಂಡರು. ಆ ಆರು ದಿನ ಹೇಗಿದ್ದವೆಂಬುದು ಅವರೊಂದಿಗೇ ಹೋಯಿತು.

ಅರವತ್ತೆರಡರಲ್ಲಿ ಇಪ್ಪತ್ತರ ಹುಡುಗರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಕಾಕಾ ಈಗಿಲ್ಲ, ಆದರೆ ಅಲ್ಲೊಬ್ಬರು ಇಲ್ಲೊಬ್ಬರು ಇನ್ನೂ ಇದ್ದಾರೆ. ಅರವತ್ತೈದು, ಎಪ್ಪತ್ತೊಂದು, ಕಾರ್ಗಿಲ್ ಕಂಡವರಂತೂ ಹಳ್ಳಿಗೊಬ್ಬರಾದರೂ ಸಿಕ್ಕಾರು. ಬ್ಯಾಡಗಿ, ಹಾವೇರಿ, ರಾಣೇಬೆನ್ನೂರಿನ ಹೈಸ್ಕೂಲು ಮಾಸ್ತರರು ಒಂದು ಭಾನುವಾರ ಮಕ್ಕಳ ಕೈಗೆ ನೋಟ್‌ಬುಕ್ ಕೊಟ್ಟು ಕಳಿಸಲಿ. ಎಷ್ಟು ಮಂದಿಯನ್ನು ಕೊಂದಿರಿ ಎಂದು ಕೇಳುವುದು ಬೇಡ. ಕಾಲಿಗೆ ಏನು ಹಾಕಿಕೊಂಡಿದ್ದಿರಿ ಅಜ್ಜಾ, ರಾತ್ರಿ ಏನು ಹೊದ್ದಿರಿ, ಹಸಿದಾಗ ಯಾರು ಊಟ ಕೊಟ್ಟರು, ನಡೆಯಲಾರದವರನ್ನು ಯಾರು ಹೊತ್ತರು, ಊರಿಗೆ ಮೊದಲ ಕಾಗದ ಬರೆದದ್ದು ಎಲ್ಲಿಂದ ಎಂದು ಕೇಳಲಿ.