ಹಳತು ಉಳಿಯಲಿ, ಗಾಲಿ ಉರುಳಲಿ



ಹಳೆಯ ವಸ್ತುಗಳ ಮೇಲೆ ನಮಗಿರುವ ಪ್ರೀತಿ ಎರಡು ಬಗೆಯದು. ಯಾರೂ ಮುಟ್ಟದಂತೆ ಕಾಪಾಡಿಡುವ ಪ್ರೀತಿ ಒಂದು. ಮತ್ತೆ ಬಳಕೆಗೆ ಬರಲೆಂದು ಹಂಬಲಿಸುವ ಪ್ರೀತಿ ಇನ್ನೊಂದು. ಅಜ್ಜಿಯ ಜಪಮಾಲೆ, ತಂದೆಯ ಕೈಗಡಿಯಾರ, ನೂರು ವರ್ಷ ಕಂಡ ದೇವಾಲಯದ ಬಲಿಪೀಠ ಇವುಗಳ ಮುಂದೆ ನಿಂತಾಗ ಈ ಎರಡು ಪ್ರೀತಿಗಳೂ ಒಂದನ್ನೊಂದು ದಿಟ್ಟಿಸಿ ನೋಡುತ್ತವೆ. ಒಡಹುಟ್ಟಿದವರ ನಡುವೆ ಮಾತು ಮುರಿಯುವುದೂ ಕೆಲವೊಮ್ಮೆ ಇಲ್ಲಿಯೇ. ಈ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ಒಂದು ಸೈಕಲ್ಲು. ಅದನ್ನು ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ನಮ್ಮ ಹಳ್ಳಿಗಳಲ್ಲಿ ಓಡಾಡಿದ ಕಪ್ಪು ಸೈಕಲ್ಲುಗಳು ಇಂಗ್ಲೆಂಡಿನ ಮಾದರಿಯವು: ಎತ್ತರದ ಗಾಲಿ, ಸಪೂರ ಟೈರು, ಕಂಬಿಯ ಬ್ರೇಕು. ಅಮೆರಿಕದಲ್ಲಿ 'ಕ್ರೂಸರ್' ಎನ್ನಿಸಿಕೊಂಡ ಸೈಕಲ್ಲಿನ ಜಾತಿಯೇ ಬೇರೆ. ಜರ್ಮನಿಯಿಂದ 1891ರಲ್ಲಿ ಷಿಕಾಗೋ ನಗರಕ್ಕೆ ವಲಸೆ ಬಂದ ಇಗ್ನಾಜ್ ಶ್ವಿನ್ ಎಂಬವರು 1895ರಲ್ಲಿ ಪಾಲುದಾರರೊಬ್ಬರೊಡನೆ ಸೈಕಲ್ ಕಂಪನಿಯನ್ನು ಸ್ಥಾಪಿಸಿದರು. ಆರ್ಥಿಕ ಮಹಾಕುಸಿತದ ದಿನಗಳಲ್ಲಿ, 1933ರಲ್ಲಿ, ಅವರ ಮಗ ಫ್ರಾಂಕ್ ಶ್ವಿನ್ 2.125 ಇಂಚು ದಪ್ಪದ ಬಲೂನ್ ಟೈರುಗಳ ಸೈಕಲ್ಲನ್ನು ಮಾರುಕಟ್ಟೆಗೆ ತಂದರು. ಅಗಲವಾದ ಹ್ಯಾಂಡಲ್ಲು, ಬಾಗಿದ ಕೊಳವೆಗಳ ಭದ್ರವಾದ ಚೌಕಟ್ಟು, ಮೋಟಾರು ಸೈಕಲ್ಲಿನಂತೆ ಕಾಣಲೆಂದು ಕೆಲವದರಲ್ಲಿ ಹುಸಿ ಪೆಟ್ರೋಲ್ ಟ್ಯಾಂಕು! ತೂಕ 20 ಕಿಲೋಗೂ ಮಿಗಿಲು. ಕೈಬ್ರೇಕು ಇಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಗಾಲಿಯ ಒಳಗಿರುವ ಬ್ರೇಕು ಹಿಡಿಯುತ್ತದೆ. ಮುಂಜಾನೆ ಮನೆಮನೆಗೆ ಪತ್ರಿಕೆ ಹಾಕುವ ಹುಡುಗರಿಗೆ ಅದು ಒಪ್ಪುವ ವಾಹನವಾಯಿತು.

ಕಾಲ ಕಳೆದಂತೆ ಹಗುರವಾದ, ಗೇರುಗಳುಳ್ಳ ಸೈಕಲ್ಲುಗಳು ಬಂದವು. ಕ್ರೂಸರುಗಳು ಗುಜರಿ ಸೇರಿದವು. ಆದರೆ 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮರಿನ್ ಪ್ರದೇಶದ ಯುವಕರು ಅವನ್ನು ಅಲ್ಪ ಬೆಲೆಗೆ ತಂದು, ಬೇಡವಾದ ಭಾಗಗಳನ್ನು ಕಳಚಿ, ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸತೊಡಗಿದರು. 1976ರಲ್ಲಿ ಫೇರ್‌ಫ್ಯಾಕ್ಸ್ ಬಳಿಯ ಕಡಿದಾದ ಇಳಿಜಾರಿನಲ್ಲಿ ಪಂದ್ಯವೇ ಶುರುವಾಯಿತು. ಒಂದೇ ಇಳಿತಕ್ಕೆ ಹಿಂಗಾಲಿಯ ಬ್ರೇಕು ಕಾದು, ಗ್ರೀಸು ಹೊಗೆಯಾಗಿ ಹೋಗುತ್ತಿದ್ದುದರಿಂದ ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಆ ದಾರಿಗೆ 'ರೀಪ್ಯಾಕ್' ಎಂಬ ಹೆಸರು ಬಂದದ್ದು ಇದರಿಂದಲೇ. ಮರುವರ್ಷ ಜೋ ಬ್ರೀಜ್ ಎಂಬವರು ಹಳೆಯ ಶ್ವಿನ್ ಚೌಕಟ್ಟಿನ ಅಳತೆಗಳನ್ನೇ ಆಧಾರವಾಗಿಟ್ಟುಕೊಂಡು ಬೆಟ್ಟಕ್ಕೆಂದೇ ಹೊಸ ಸೈಕಲ್ಲನ್ನು ರೂಪಿಸಿದರು. ಇಂದು ನಮ್ಮ ಮಕ್ಕಳು ಆಸೆಯಿಂದ ಕೇಳುವ 'ಮೌಂಟನ್ ಬೈಕ್' ಹುಟ್ಟಿದ್ದು ಹೀಗೆ, ಲೋಕ ಬೇಡವೆಂದು ಎಸೆದುದರಿಂದ. ಕಟ್ಟುವವರು ತಳ್ಳಿಹಾಕಿದ ಕಲ್ಲಿನ ಕುರಿತು ಕೀರ್ತನೆಕಾರನು ಹೇಳಿದ್ದು ನಿಮಗೆ ನೆನಪಾಗಬಹುದು.

2014ರಲ್ಲಿ ನಾನು ಆ ರಾಜ್ಯದ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿ ಸೇವೆ ಸಲ್ಲಿಸುತ್ತಿದ್ದೆ. ಪ್ರತಿದಿನ ಬೆಳಗಿನ ಬಲಿಪೂಜೆಗೆ ತಪ್ಪದೆ ಬರುತ್ತಿದ್ದ ನಿವೃತ್ತ ಯಂತ್ರಕರ್ಮಿಯೊಬ್ಬರು ಒಂದು ದಿನ ನನ್ನನ್ನು ಮನೆಗೆ ಕರೆದೊಯ್ದರು. ಅವರ ಶೆಡ್ಡಿನಲ್ಲಿ 1950ರ ದಶಕದ ಒಂದು ಕ್ರೂಸರ್ ತಲೆಕೆಳಗಾಗಿ ನಿಂತಿತ್ತು. ಅದು ಅವರ ಅಣ್ಣನದು. ಪತ್ರಿಕೆ ಹಾಕಿ ಗಳಿಸಿದ ಹಣದಿಂದ ಕೊಂಡದ್ದು. ಹಿಂದಿನ ಮಡ್‌ಗಾರ್ಡಿನ ಮೇಲೆ ಮೊಳೆಯಿಂದ ತನ್ನ ಹೆಸರಿನ ಎರಡು ಅಕ್ಷರಗಳನ್ನು ಅವನೇ ಕೆತ್ತಿದ್ದ. 1968ರಲ್ಲಿ ಅವನು ವಿಯೆಟ್ನಾಮಿನಲ್ಲಿ ಮಡಿದ. ತಾಯಿ ಆ ಸೈಕಲ್ಲನ್ನು ಗೋಡೆಗೆ ತೂಗುಹಾಕಿಸಿ, ತಾನು ಬದುಕಿರುವವರೆಗೆ ಯಾರೂ ಮುಟ್ಟಕೂಡದೆಂದು ಹೇಳಿದ್ದರು. ಆಕೆ ತೀರಿಕೊಂಡ ಬಳಿಕ, 40 ವರ್ಷಗಳಿಗೂ ಮೀರಿದ ಮೌನದಿಂದ ಅವರು ಅದನ್ನು ಕೆಳಗಿಳಿಸಿದ್ದರು.

ಅವರಿಗೆ ಹನ್ನೆರಡು ವರ್ಷದ ಮೊಮ್ಮಗಳಿದ್ದಳು. ಹುಟ್ಟಿನಿಂದಲೇ ಅವಳ ಎಡಗೈಗೆ ಬಲವಿಲ್ಲ. ಬ್ರೇಕು ಹಿಡಿಯಲಾಗದೆಂದು ಅವಳಿಗೆ ಯಾರೂ ಸೈಕಲ್ಲು ಕೊಡಿಸಿರಲಿಲ್ಲ. ಕಾಲಿನಿಂದಲೇ ನಿಲ್ಲಿಸಬಹುದಾದ ಈ ಸೈಕಲ್ಲು ಅವಳಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಅವರಿದ್ದ ಬೀದಿ ಏರುಬೀದಿ. ಗೇರಿಲ್ಲದ ಇಷ್ಟು ಭಾರದ ಸೈಕಲ್ಲನ್ನು ಆ ಮಗು ತುಳಿಯುವುದು ಹೇಗೆ? ಹಳೆಯ ಸೈಕಲ್ಲು ಬಲ್ಲ ಗೆಳೆಯರು ಒಬ್ಬೊಬ್ಬರು ಒಂದೊಂದು ಹೇಳಿದರು. "ಬಣ್ಣವೆಲ್ಲ ಕೆರೆದು ಅಂಗಡಿಯಿಂದ ಬಂದಂತೆ ಹೊಸದಾಗಿ ಮಾಡು" ಎಂದರು ಒಬ್ಬರು. "ಒಂದು ತಿರುಪನ್ನೂ ಬದಲಿಸಬೇಡ, ಹಾಗೆಯೇ ಇಡು" ಎಂದರು ಇನ್ನೊಬ್ಬರು. "ಚೌಕಟ್ಟು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಬದಲಿಸು" ಎಂದರು ಮೂರನೆಯವರು.

"ಫಾದರ್, ಇದರಲ್ಲಿ ನನ್ನ ಅಣ್ಣನಿಗೆ ದ್ರೋಹವಾಗದ ದಾರಿ ಯಾವುದು?" ಎಂದು ಅವರು ಕೇಳಿದಾಗ ಅವರ ಕಣ್ಣಲ್ಲಿ ನೀರಿತ್ತು. ಅದು ಸೈಕಲ್ಲಿನ ಪ್ರಶ್ನೆಯಾಗಿರಲಿಲ್ಲ. ಅಣ್ಣನನ್ನು ಅವರು ಇನ್ನೂ ಮಣ್ಣಿಗೆ ಒಪ್ಪಿಸಿರಲಿಲ್ಲ.

ನಾನು ಪರಿಹಾರ ಹೇಳಲಿಲ್ಲ. ಪುನರುತ್ಥಾನರಾದ ಪ್ರಭು ಶಿಷ್ಯರಿಗೆ ಕಾಣಿಸಿಕೊಂಡಾಗ ಅವರ ಕೈಗಳಲ್ಲಿ ಮೊಳೆಯ ಗುರುತುಗಳು ಉಳಿದಿದ್ದವೆಂಬುದನ್ನಷ್ಟೇ ನೆನಪಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಮುಂದಿನ ನಾಲ್ಕು ತಿಂಗಳು ನಾನು ಬಿಡುವಾದಾಗಲೆಲ್ಲ ಹೋಗಿ ಅವರ ಕೆಲಸವನ್ನು ನೋಡಿದೆ. ತುಕ್ಕು ಕಚ್ಚಿಕೊಂಡ ಸೀಟಿನ ಕೊಳವೆಗೆ ಎಣ್ಣೆ ಬಿಟ್ಟು, ಬಲ ಹಾಕದೆ, ದಿನಗಟ್ಟಲೆ ಕಾದರು. ಮಿಂಚು ಲೇಪದ ಹ್ಯಾಂಡಲ್ಲನ್ನು ನೀರಲ್ಲದ್ದಿದ ಅಲ್ಯುಮಿನಿಯಂ ಹಾಳೆಯಿಂದ ಉಜ್ಜಿದರು. ಅದು ಮೆದುವಾದ ಲೋಹವಾದ್ದರಿಂದ ತುಕ್ಕು ಹೋಗುತ್ತದೆ, ಹೊಳಪಿಗೆ ಗೀರು ಬೀಳದು. ಮೇಣದಂತೆ ಗಟ್ಟಿಯಾಗಿದ್ದ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬೇರಿಂಗಿನ ಗುಂಡುಗಳನ್ನು ಎಣಿಸಿ ಹೊಸದನ್ನು ಹಾಕಿದರು. ಟೈರು, ಟ್ಯೂಬು, ಚೈನು ಹೊಸದಾಗಲೇಬೇಕಿತ್ತು. ಪ್ರಾಣದ ಪ್ರಶ್ನೆ ಬಂದಲ್ಲಿ ಭಾವುಕತೆ ಸಲ್ಲದು. ಹಿಂದಿನ ಮೂಲ ಗಾಲಿಯನ್ನು ಶುಚಿಮಾಡಿ ಬಟ್ಟೆ ಸುತ್ತಿ ತೆಗೆದಿಟ್ಟರು. ಅದರ ಬದಲಿಗೆ ಮೂರು ಗೇರುಗಳೂ ಹಿಂದಕ್ಕೆ ತುಳಿಯುವ ಬ್ರೇಕೂ ಒಂದರೊಳಗೇ ಅಡಗಿರುವ ಹೊಸ ಹಿಂಗಾಲಿಯನ್ನು ತಾವೇ ಕಡ್ಡಿ ಕಟ್ಟಿ ಜೋಡಿಸಿದರು. ಗೇರಿನ ಹಿಡಿ ಬಲಗೈಗೆ. ಎಡಗೈಯ ಹಿಡಿಗೆ ದಪ್ಪನೆಯ ಚರ್ಮದ ಸುತ್ತು. ಚೌಕಟ್ಟಿನಲ್ಲಿ ಒಂದೇ ಒಂದು ತೂತನ್ನೂ ಕೊರೆಯಲಿಲ್ಲ. ಇಷ್ಟವಿದ್ದವರು ನಾಳೆ ಎಲ್ಲವನ್ನೂ ಮೊದಲಿನಂತೆ ಮಾಡಬಹುದು.

ಮಡ್‌ಗಾರ್ಡಿಗೆ ಬಣ್ಣ ಬಳಿಯಲಿಲ್ಲ. ಆ ಎರಡು ಅಕ್ಷರಗಳ ಮೇಲೆ ಮೇಣ ಸವರಿ ಒರೆಸಿದರು, ಅಷ್ಟೆ. ಮೊಮ್ಮಗಳು ಅದನ್ನು ಬೆರಳಿನಿಂದ ತಡವಿ "ಇದು ಯಾರು?" ಎಂದು ಕೇಳಿದಳು. ಆ ಮನೆಯಲ್ಲಿ ಯಾರೂ ಎತ್ತದಿದ್ದ ಹೆಸರನ್ನು ಅಜ್ಜ ಅಂದು ಬಾಯಿ ಬಿಟ್ಟು ಹೇಳಿದರು. ನವೆಂಬರಿನ ಸಕಲ ಮೃತರ ಸ್ಮರಣೆಯ ದಿನದಂದು ಆ ಹೆಸರಿಗೆ ಬಲಿಪೂಜೆ ಅರ್ಪಿಸಬೇಕೆಂದು ನನ್ನನ್ನು ಕೇಳಿಕೊಂಡರು.

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಧಾರ್ಮಿಕ ಸಭೆಗಳ ನವೀಕರಣದ ಬಗ್ಗೆ ಹೊರಡಿಸಿದ ದಸ್ತಾವೇಜಿನಲ್ಲಿ ಎರಡು ಕೆಲಸಗಳನ್ನು ಒಟ್ಟಿಗೆ ಇಟ್ಟಿತು: ಮೂಲಸೆಲೆಗೆ ಮರಳುವುದು ಮತ್ತು ಬದಲಾದ ಕಾಲಕ್ಕೆ ಹೊಂದಿಕೊಳ್ಳುವುದು. ಗುರುಮಠದಲ್ಲಿ ಇದನ್ನು ಪರೀಕ್ಷೆಗಾಗಿ ಓದಿದ್ದೆ. ಅದರ ಅರ್ಥವನ್ನು ಆ ಶೆಡ್ಡಿನಲ್ಲಿ ಕಣ್ಣಾರೆ ಕಂಡೆ. ಮೂಲವನ್ನು ಮರೆತ ಬದಲಾವಣೆಗೆ ಬೇರಿಲ್ಲ. ಯಾರನ್ನೂ ಹೊತ್ತು ಸಾಗದ ಸಂರಕ್ಷಣೆಗೆ ಫಲವಿಲ್ಲ. ತನ್ನ ಭಂಡಾರದಿಂದ ಹೊಸದನ್ನೂ ಹಳೆಯದನ್ನೂ ಹೊರತೆಗೆಯುವ ಮನೆಯೊಡೆಯನ ಕುರಿತು ಸಂತ ಮತ್ತಾಯರ ಶುಭಸಂದೇಶದಲ್ಲಿ ಪ್ರಭು ಹೇಳಿರುವುದೂ ಇದನ್ನೇ ಅಲ್ಲವೇ?

ಪ್ರಿಯರೇ, ನಿಮ್ಮ ಮನೆಯಲ್ಲಿಯೂ ಗೋಡೆಗೆ ತೂಗುಹಾಕಿದ ಏನಾದರೊಂದು ಇರಬಹುದು. ಅದು ವಸ್ತುವೇ ಆಗಬೇಕೆಂದಿಲ್ಲ. ಅಗಲಿದವರ ಹೆಸರಾಗಬಹುದು, ನಿಂತುಹೋದ ಸಂಜೆಯ ಜಪಮಾಲೆ ಪ್ರಾರ್ಥನೆಯಾಗಬಹುದು, ವರ್ಷಗಳಿಂದ ಮಾತಿಲ್ಲದ ಸಹೋದರನ ಸಂಬಂಧವಾಗಬಹುದು. ಅದನ್ನು ಕೆಳಗಿಳಿಸಿ. ತುಕ್ಕನ್ನು ತಾಳ್ಮೆಯಿಂದ ಉಜ್ಜಿ, ಅಕ್ಷರಗಳನ್ನು ಮಾತ್ರ ಅಳಿಸಬೇಡಿ. ಸವೆದದ್ದನ್ನು ಸಂಕೋಚವಿಲ್ಲದೆ ಬದಲಿಸಿ. ಅನಂತರ ಮನೆಯಲ್ಲಿ ಎಲ್ಲರಿಗಿಂತ ಬಲಹೀನರಾದವರ ಕೈಗೆ ಅದನ್ನು ಕೊಡಿ. ಅವರು ನಡೆಸುವಂತೆ ಅದನ್ನು ಹೊಂದಿಸಿಕೊಡುವುದು ನಿಮ್ಮ ಪಾಲಿನ ಕೆಲಸ. ಎಲ್ಲವನ್ನೂ ಹೊಸದು ಮಾಡುವ ದೇವರು ನಿಮ್ಮ ಕೈಗಳನ್ನು ಆಶೀರ್ವದಿಸಲಿ.