ಅವಳು ಓಡುತ್ತಾಳೆ, ನಾನು ಟೈಮ್ ನೋಡುತ್ತೇನೆ

ಗುರುಗ್ರಾಮದ ಚಳಿ ಇಲ್ಲಿರುವವರಿಗೆ ಗೊತ್ತೇ ಇದೆ. ಬೆಳಿಗ್ಗೆ ಆರಕ್ಕೆ ಎದುರಿನ ಟವರ್ ಕೂಡ ಕಾಣುವುದಿಲ್ಲ. ಮಂಜೋ, ಹೊಗೆಯೋ, ಆ ದೇವರೇ ಬಲ್ಲ. ಅಂಥದ್ದರಲ್ಲೂ ವಾಕಿಂಗ್ ಹೋಗುವ ಹುಚ್ಚಿ ನಾನು. ಕಳೆದ ಚಳಿಗಾಲದಿಂದ ನನಗೊಬ್ಬಳು ಜೊತೆಗಾತಿ ಸಿಕ್ಕಿದ್ದಾಳೆ. ನಮ್ಮ ಅಪಾರ್ಟ್‌ಮೆಂಟಿನ ಗಾರ್ಡ್ ಭೈಯಾನ ಮಗಳು. "ಆಂಟಿ, ಸ್ವಲ್ಪ ಟೈಮ್ ನೋಡ್ತೀರಾ?" ಅಂತ ಮೊಬೈಲನ್ನು ನನ್ನ ಕೈಗಿಟ್ಟು ಓಡಲು ಶುರು ಮಾಡುತ್ತಾಳೆ. 1.6 ಕಿಲೋಮೀಟರ್. ಅವಳು ಇಟ್ಟುಕೊಂಡಿರುವ ಗುರಿ ಏಳೂವರೆ ನಿಮಿಷ. ಮಿಲಿಟರಿ ಪೊಲೀಸ್ ಪಡೆಯಲ್ಲಿ ಅಗ್ನಿವೀರ್ ಆಗಬೇಕಂತೆ!

ಅವಳು ಓಡುವುದನ್ನು ನೋಡುವಾಗೆಲ್ಲ ನನಗೆ ಕಿತ್ತೂರು ನೆನಪಾಗುತ್ತದೆ. 1969ರಲ್ಲಿ ಶುರುವಾದ ಕಿತ್ತೂರು ರಾಣಿ ಚೆನ್ನಮ್ಮ ಹೆಣ್ಣುಮಕ್ಕಳ ಸೈನಿಕ ಶಾಲೆಯಲ್ಲಿ ಓದಿದವಳು ನಾನು. ಪರೇಡು, ಪಿ.ಟಿ., ಕುದುರೆ ಸವಾರಿ ಎಲ್ಲ ಇತ್ತು. ಬ್ರಿಟಿಷರ ವಿರುದ್ಧ ಕತ್ತಿ ಹಿಡಿದ ರಾಣಿಯ ಊರು ಬೇರೆ. ಮುಂದೆ ನಾವೂ ಆರ್ಮಿಗೆ ಹೋಗುವವರೇ ಅಂದುಕೊಂಡಿದ್ದೆವು.

ಧಾರವಾಡದಲ್ಲಿ ಪಿಯುಸಿ ಓದುವಾಗ ಪೇಪರಿನಲ್ಲಿ ಎನ್‌ಡಿಎ ಪರೀಕ್ಷೆಯ ಜಾಹೀರಾತು ಬಂತು. ಅಪ್ಪ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. "ಇದು ಮದುವಿ ಆಗದ ಗಂಡು ಹುಡುಗರಿಗಷ್ಟೇ ಅಂತವ್ವಾ" ಅಂದು ಪೇಪರ್ ಮಡಚಿಟ್ಟರು. ಅಷ್ಟೇ. ಆಗ ಡಾಕ್ಟರ್, ನರ್ಸ್ ಬಿಟ್ಟರೆ ಸೇನೆಯಲ್ಲಿ ಹೆಣ್ಣಿಗೆ ಜಾಗವೇ ಇರಲಿಲ್ಲ. ಸೈನಿಕ ಶಾಲೆಯೇನೋ ಇತ್ತು, ಸೈನ್ಯಕ್ಕೆ ಬಾಗಿಲಿರಲಿಲ್ಲ.

ಬಾಗಿಲು ತೆರೆದದ್ದು 1992ರಲ್ಲಿ. ಆಯ್ದ ಕೆಲವು ವಿಭಾಗಗಳಿಗೆ ಮಹಿಳಾ ಅಧಿಕಾರಿಗಳು, ಅದೂ ಐದೇ ವರ್ಷಕ್ಕೆ. ಅಷ್ಟರಲ್ಲಿ ನನ್ನ ಮಡಿಲಲ್ಲಿ ಮಗುವಿತ್ತು. ಆದರೆ ಐದು ವರ್ಷಕ್ಕೆಂದು ಹೋದ ಹೆಣ್ಣುಮಕ್ಕಳು ಸುಮ್ಮನೆ ವಾಪಸ್ ಬರಲಿಲ್ಲ ನೋಡಿ. ಅವಧಿ ಹತ್ತಾಯಿತು, ಹದಿನಾಲ್ಕಾಯಿತು. ಗಂಡಸರಿಗಿರುವಂತೆ ನಿವೃತ್ತಿಯವರೆಗೂ ಇರಲು ಬಿಡಿ ಅಂತ ಕೋರ್ಟಿಗೆ ಹೋದರು. 2010ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದರು. ಸರ್ಕಾರ ಮೇಲ್ಮನವಿ ಹಾಕಿತು. ಕೊನೆಗೆ 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ಕೂಡ ಅವರ ಪರವಾಗಿಯೇ ತೀರ್ಪು ಕೊಟ್ಟಿತು.

ಆ ಕೇಸಿನಲ್ಲಿ ಸರ್ಕಾರದ ಒಂದು ವಾದ ನನಗೆ ಇವತ್ತಿಗೂ ಮರೆತಿಲ್ಲ. ಜವಾನರು ಹೆಚ್ಚಾಗಿ ಹಳ್ಳಿಗಳಿಂದ ಬಂದವರು, ಹೆಣ್ಣಿನ ಆಜ್ಞೆಗೆ ತಲೆಬಾಗಲು ಅವರ ಮನಸ್ಸು ಇನ್ನೂ ಸಿದ್ಧವಾಗಿಲ್ಲ ಅಂತ! ನಮ್ಮ ಗಾರ್ಡ್ ಭೈಯಾ ಹಳ್ಳಿಯವರೇ, ರೇವಾಡಿ ಕಡೆಯವರು, ಫೌಜಿನಿಂದ ರಿಟೈರ್ ಆದವರು. ಒಂದು ದಿನ ಕೇಳಿಯೇಬಿಟ್ಟೆ. ಅವರು ನಕ್ಕರು. "ಮೇಡಮ್, ನಾವು ಭುಜದ ಮೇಲಿನ ಸ್ಟಾರ್ ನೋಡಿ ಸೆಲ್ಯೂಟ್ ಹೊಡೆಯೋದು, ಮುಖ ನೋಡಿ ಅಲ್ಲ." ಆಮೇಲೆ ದನಿ ತಗ್ಗಿಸಿ, "ನನ್ನ ಚಿಂತೆ ಬೇರೆ. ನಾಲ್ಕು ವರ್ಷ ಆದ್ಮೇಲೆ ಇವಳು ಎಲ್ಲಿ ಹೋಗ್ಬೇಕು?" ಅಂದರು.

ಏನು ಹೇಳಲಿ? 2022ರಲ್ಲಿ ಬಂದ ಅಗ್ನಿಪಥ್ ಯೋಜನೆಯ ಪ್ರಕಾರ ನಾಲ್ಕು ವರ್ಷದ ನಂತರ ಸೇನೆಯಲ್ಲಿ ಉಳಿಯುವವರು ನೂರಕ್ಕೆ ಇಪ್ಪತ್ತೈದು ಜನ. ಗಂಡು ಹುಡುಗರಿಗೂ ಇದೇ ಲೆಕ್ಕ. ಆದರೆ ಅವರಿಗೆ ಸೇರಲು ಹತ್ತಾರು ವಿಭಾಗಗಳಿವೆ, ಸಿಪಾಯಿಯಾಗಿ ಸೇರುವ ಹುಡುಗಿಗೆ ಇರುವುದು ಮಿಲಿಟರಿ ಪೊಲೀಸ್ ಒಂದೇ. ಇನ್‌ಫೆಂಟ್ರಿಯ ಬಾಗಿಲು ಅಧಿಕಾರಿಯಾಗುವ ಹೆಣ್ಣಿಗೂ ತೆರೆದಿಲ್ಲ.

ಸುಳ್ಳು ಧೈರ್ಯ ಹೇಳಲು ಮನಸ್ಸಾಗಲಿಲ್ಲ. ಗೊತ್ತಿದ್ದದ್ದನ್ನು ಹೇಳಿದೆ. ಜವಾನರಾಗಿ ಸೇರಿದ ಮೊದಲ ಹೆಣ್ಣುಮಕ್ಕಳು, 83 ಜನ, ತರಬೇತಿ ಮುಗಿಸಿ ಹೊರಬಂದದ್ದು ನಮ್ಮ ಬೆಂಗಳೂರಿನಲ್ಲೇ, 2021ರ ಮೇ ತಿಂಗಳಲ್ಲಿ. ಅದೇ ವರ್ಷ ಕೋರ್ಟಿನ ಆದೇಶದಿಂದ ಎನ್‌ಡಿಎ ಪರೀಕ್ಷೆ ಹುಡುಗಿಯರಿಗೂ ಸಿಕ್ಕಿತು. 2025ರ ಮೇ 30ರಂದು ಖಡಕ್‌ವಾಸ್ಲಾದಿಂದ 17 ಹುಡುಗಿಯರು ಪಾಸಾಗಿ ಬಂದರು. ಆ ಪರೇಡ್ ಟಿವಿಯಲ್ಲಿ ನೋಡುವಾಗ ಅಪ್ಪ ಮಡಚಿಟ್ಟ ಪೇಪರ್ ಕಣ್ಣ ಮುಂದೆ ಬಂತು. ಅಪ್ಪ ಈಗಿಲ್ಲ.

"ಐದು ವರ್ಷಕ್ಕೆ ಅಂತ ಹೋದವರೇ ಭೈಯಾ, ಇಡೀ ಸರ್ವೀಸು ಗೆದ್ದುಕೊಂಡಿದ್ದು" ಅಂದೆ. ಅವರು ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಮರುದಿನ ಮಾತ್ರ ಮಗಳಿಗೆ ಹೊಸ ಶೂ ಬಂದಿತ್ತು.

ಇವತ್ತು ಬೆಳಿಗ್ಗೆ ಅವಳ ಟೈಮು 7 ನಿಮಿಷ 41 ಸೆಕೆಂಡ್. ಇನ್ನು ಹನ್ನೊಂದೇ ಸೆಕೆಂಡ್ ಬಾಕಿ. ನಾಳೆಯೂ ಆರಕ್ಕೆ ಏಳಬೇಕು ನಾನು. ಬರಲೇ?