ಆರ್ನೆಮ್‌ನಲ್ಲಿ ಒಂದು ದಿನ: ಸಾಲ, ತಪ್ಪು, ಋಣ

ನೆದರ್‌ಲ್ಯಾಂಡ್ಸಿಗೆ ಬಂದ ಹೊಸದರಲ್ಲಿ ಟುಲಿಪ್ ತೋಟ, ಗಾಳಿಯಂತ್ರ ಎಲ್ಲರೂ ನೋಡುತ್ತೇವೆ. ಮಕ್ಕಳು ಸ್ವಲ್ಪ ದೊಡ್ಡವರಾಗಿ ಫುಟ್‌ಬಾಲ್ ಹುಚ್ಚು ಹಿಡಿದ ಮೇಲೆ ಒಂದು ಶನಿವಾರ ಆರ್ನೆಮ್‌ಗೆ ಕರೆದುಕೊಂಡು ಹೋಗಿ. ಆಮ್‌ಸ್ಟರ್‌ಡ್ಯಾಮಿನಿಂದ ರೈಲಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಈ ದೇಶದಲ್ಲಿ ಟ್ರಾಲಿ ಬಸ್ ಓಡುವ ಊರು ಇದೊಂದೇ. ಮೇಲಿನ ತಂತಿ ಹಿಡಿದು ಸದ್ದಿಲ್ಲದೆ ಸಾಗುವ ಬಸ್ಸು ಕಂಡರೇ ಚಿಕ್ಕವರಿಗೆ ಅರ್ಧ ಖುಷಿ.

ರೈನ್ ನದಿಯ ಮೇಲಿನ ಜಾನ್ ಫ್ರಾಸ್ಟ್ ಸೇತುವೆಯನ್ನು ನಡೆದೇ ದಾಟಿ. 1944ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೈನಿಕರು ಇದರ ಉತ್ತರ ತುದಿಯನ್ನು ಕೆಲವು ದಿನ ಹಿಡಿದು ನಿಂತು, ಕೊನೆಗೆ ಸೋತರು. ಸೇತುವೆಗೆ ಅವರ ನಾಯಕನ ಹೆಸರೇ ಇದೆ. ಅಲ್ಲಿಂದ ದಕ್ಷಿಣಕ್ಕೆ ಹೋದರೆ 1998ರಲ್ಲಿ ತೆರೆದ ಖೆಲ್ರೆಡೋಮ್ ಕ್ರೀಡಾಂಗಣ. ಇದರ ಚಾವಣಿ ಮುಚ್ಚಿಕೊಳ್ಳುತ್ತದೆ, ಹುಲ್ಲಿನ ಮೈದಾನವೇ ಜಾರಿಕೊಂಡು ಹೊರಗೆ ಬರುತ್ತದೆ! ಇಲ್ಲಿ ಆಡುವುದು ಹಳದಿ-ಕಪ್ಪು ಅಂಗಿಯ ವಿಟೆಸ್, 1892ರಲ್ಲಿ ಹುಟ್ಟಿದ ಕ್ಲಬ್.

ಮಕ್ಕಳಿಗೆ ಹೇಳಲು ಇಲ್ಲೊಂದು ಕಥೆಯಿದೆ. 2010ರಲ್ಲಿ ಜಾರ್ಜಿಯಾದ ಮಾಜಿ ಆಟಗಾರ ಮೆರಾಬ್ ಜೋರ್ಡಾನಿಯ ಈ ಕ್ಲಬ್ಬನ್ನು ಕೊಂಡು, ಮೂರು ವರ್ಷದಲ್ಲಿ ಚಾಂಪಿಯನ್ ಮಾಡುತ್ತೇನೆಂದರು. ಆಗಲಿಲ್ಲ. 2013ರಲ್ಲಿ ಕ್ಲಬ್ಬು ಅಲೆಕ್ಸಾಂಡರ್ ಚಿಗಿರಿನ್ಸ್ಕಿ ಅವರ ಕೈಗೆ, 2018ರಲ್ಲಿ ವಲೇರಿ ಓಯ್ಫ್ ಅವರ ಕೈಗೆ ಹೋಯಿತು. ಲಂಡನ್ನಿನ ಚೆಲ್ಸಿಯಿಂದ ಮೇಸನ್ ಮೌಂಟ್ ಅಂಥ ಹುಡುಗರು ಎರವಲು ಬಂದು ಆಡಿದರು. 2017ರಲ್ಲಿ, 125 ವರ್ಷದ ಇತಿಹಾಸದಲ್ಲೇ ಮೊದಲ ಸಲ, ಡಚ್ ಕಪ್ ಬಂತು. ಕಪ್ ಬಂದ ಮನೆಯಲ್ಲಿ ಲೆಕ್ಕ ಕೇಳುವವರು ಎಲ್ಲ ಊರಲ್ಲೂ ಕಡಿಮೆ.

2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಓಯ್ಫ್ ಕ್ಲಬ್ ಮಾರುವುದಾಗಿ ಹೇಳಿದರು. ಅಮೆರಿಕದ ಕೋಲಿ ಪ್ಯಾರಿ ಅವರ ಗುಂಪು ಕೊಳ್ಳಲು ಬಂತು. ಒಪ್ಪಿಗೆ ಸಿಗುವ ಮೊದಲೇ ಅವರ ಹಣ ಸಾಲವಾಗಿ ಬರತೊಡಗಿತ್ತು. ಕೊನೆಗೆ ಡಚ್ ಫುಟ್‌ಬಾಲ್ ಸಂಸ್ಥೆ ಒಪ್ಪಿಗೆ ಕೊಡಲಿಲ್ಲ. 2024ರ ಏಪ್ರಿಲ್‌ನಲ್ಲಿ ಪರವಾನಗಿ ನಿಯಮ ಮುರಿದುದಕ್ಕೆ 18 ಅಂಕ ಕಡಿತವಾಗಿ, 1989ರಿಂದ ಮೇಲಿನ ದರ್ಜೆಯಲ್ಲಿದ್ದ ತಂಡ ಕೆಳಗಿಳಿಯಿತು. ಅಭಿಮಾನಿಗಳ ಸಿಟ್ಟು ಆಟಗಾರರ ಮೇಲಿರಲಿಲ್ಲ. ಈ ಹಣ ಯಾರದು? ಕೊಡುಗೆಯೋ ಸಾಲವೋ? ಸಾಲವಾದರೆ ತೀರಿಸುವವರು ಯಾರು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮಲ್ಲಿ ಹೇಳುವುದನ್ನೇ ಅವರು ಡಚ್ಚಿನಲ್ಲಿ ಕೇಳುತ್ತಿದ್ದರು.

ಇಲ್ಲೊಂದು ಪದ ಗಮನಿಸಿ. ಏನಾದರೂ ಒಡೆದಾಗ ನಿಮ್ಮ ಮಗನೋ ಮಗಳೋ "ಅದು ನನ್ನ ಸ್ಖುಲ್ಟ್ ಅಲ್ಲ" ಎಂದು ಕಂಗ್ಲಿಷ್ ಬದಲು ಕನ್ನಡ-ಡಚ್ ಬೆರೆಸಿ ಹೇಳಿರಬಹುದು. ಡಚ್ಚಿನಲ್ಲಿ ತಪ್ಪಿಗೂ ಸಾಲಕ್ಕೂ ಆ ಒಂದೇ ಪದ. ಕ್ಲಬ್ಬಿನ ಸುದ್ದಿಯಲ್ಲಿ ಅದು ಬಂದಾಗ ಯಾವ ಅರ್ಥದಲ್ಲಿ ಬಂದಿದೆ ಎಂದು ಮಗುವನ್ನು ಕೇಳಿ. ಕನ್ನಡದಲ್ಲಿ ಹೇಳಬೇಕಾದರೆ ಅದು ಆರಿಸಲೇಬೇಕು. ಸಾಲ ಮಾಡುವುದೆಲ್ಲ ತಪ್ಪಲ್ಲ. ಯಾರಿಂದ ತಂದೆವೆಂದು ಮುಚ್ಚಿಡುವುದು ತಪ್ಪು. ಎರಡು ಭಾಷೆ ಬಲ್ಲ ಮಗುವಿಗೆ ಈ ಗೆರೆ ಬೇಗ ಕಾಣುತ್ತದೆ.

ನಮ್ಮಲ್ಲಿ ಮೂರನೆಯ ಪದವೂ ಇದೆ, ಋಣ. ಕ್ಲಬ್ಬು ಮುಳುಗುವ ಹೊತ್ತಿಗೆ ಅಭಿಮಾನಿಗಳು ತಮ್ಮ ಜೇಬಿನಿಂದ ಹಣ ಕೂಡಿಸಿದರು. ಸಾಲ ಅವರು ಮಾಡಿದ್ದಲ್ಲ, ತಪ್ಪೂ ಅವರದಲ್ಲ. ಆದರೂ ಕೊಟ್ಟರು. ಅಜ್ಜ ಕೈಹಿಡಿದು ಕರೆತಂದು ಕೂರಿಸಿದ ಕುರ್ಚಿಯ ಋಣ ಅದು. 2025ರ ಜುಲೈ ಕೊನೆಗೆ ಪರವಾನಗಿಯೇ ರದ್ದಾಯಿತು. ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪಿನಿಂದ ತಂಡ ಎರಡನೇ ದರ್ಜೆಗೆ ಮರಳಿತು. ಅಷ್ಟರಲ್ಲಿ ಕ್ಲಬ್ಬಿನ ಹೊಣೆ ಹೊರಲು ಊರಿನ ಉದ್ಯಮಿಗಳೇ ಮುಂದೆ ಬಂದಿದ್ದರು.

ನಮಗೂ ಇದು ಹೊಸದಲ್ಲ. 2008ರಲ್ಲಿ ಆರ್‌ಸಿಬಿಯನ್ನು ಕೊಂಡವರು ವಿಜಯ್ ಮಲ್ಯ. ಅವರ ಕಿಂಗ್‌ಫಿಷರ್ ವಿಮಾನಗಳು 2012ರಲ್ಲಿ ಹಾರಾಟ ನಿಲ್ಲಿಸಿದವು, ತಂಡ ಬೇರೆಯವರ ಕೈ ಸೇರಿತು, "ಈ ಸಲ ಕಪ್ ನಮ್ದೇ" ಎಂಬ ಕೂಗು ಮಾತ್ರ ನಮ್ಮಲ್ಲೇ ಉಳಿಯಿತು. ಆದರೆ ವಿಮಾನ ನಿಂತು ಸಂಬಳ ಸಿಗದೆ ಉಳಿದವರ ಬಗ್ಗೆ ನಾವು ಸ್ಟೇಡಿಯಂನಲ್ಲಿ ಎಷ್ಟು ಕೇಳಿದೆವು?

ದೊಡ್ಡವರ ದುಡ್ಡಿನ ವಿಷಯ ಮಕ್ಕಳು ಕೇಳಬಾರದೆಂದು ನಮ್ಮಲ್ಲಿ ಅನೇಕರು ಬೆಳೆದದ್ದು. ಇಲ್ಲಿ ಬೆಳೆಯುವ ಮಕ್ಕಳು ಕೇಳುತ್ತಾರೆ. ಕೇಳಲಿ. ಒಡೆಯ, ಸಾಲ, ಬಡ್ಡಿ, ಲೆಕ್ಕ, ಹೊಣೆ: ಈ ಪದಗಳು ಅಡುಗೆಮನೆಯ ಕನ್ನಡದಲ್ಲಿ ಸಿಗುವುದು ಅಪರೂಪ, ಮರಳುವ ರೈಲಿನಲ್ಲಿ ಎಲ್ಲಕ್ಕೂ ಕೆಲಸವಿದೆ. ಪ್ರೀತಿಸುವ ತಂಡದ ಲೆಕ್ಕ ಕೇಳುವುದು ದ್ರೋಹವಲ್ಲ ಎಂಬುದನ್ನು ಮಕ್ಕಳು ಕನ್ನಡದಲ್ಲೇ ಕಲಿತರೆ ಚೆನ್ನ.